ರಟ್ಟಿನೊಳಗಿನ ರಟ್ಟೀಹಳ್ಳಿ

ನಾನು ರಟ್ಟೀಹಳ್ಳಿಯ ಹಳೆಯ ಸ್ಯಾಂಪಲ್ಲು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ; ನಮ್ಮ ಕಡೆ ಅದು ಮರ್ಯಾದೆಯ ಮಾತು. ಗೋವಿನಜೋಳದ ಚೀಲ ಟ್ರ್ಯಾಕ್ಟರಿನಿಂದ ಇಳಿದ ಕೂಡಲೇ ದಲಾಲಿ ಅಂಗಡಿಯವನು ಬರುತ್ತಾನೆ. ಚೀಲದೊಳಗೆ ಕೈ ಇಳಿಬಿಟ್ಟು ಒಂದು ಹಿಡಿ ತೆಗೆಯುತ್ತಾನೆ. ಅಂಗೈ ಮೇಲೆ ಹರಡಿ, ಊದಿ, ಒಂದು ಕಾಳನ್ನು ಹಲ್ಲಿಗೆ ಕೊಟ್ಟು ಕಟಂ ಎಂದು ಕಡಿಯುತ್ತಾನೆ. ಆ ಹಿಡಿಯೇ ಸ್ಯಾಂಪಲ್ಲು. ಇಡೀ ರಾಶಿಯ ಪರವಾಗಿ ಜವಾಬು ಹೇಳುವ ಭಾಗ್ಯ ಅದರದು. ಅದು ತಿರುಗಿ ಚೀಲಕ್ಕೆ ಬಿದ್ದದ್ದನ್ನು ಮಾತ್ರ ಈ 62 ವರ್ಷದಲ್ಲಿ ನಾನು ಕಂಡಿಲ್ಲ.

ನಮ್ಮೂರಿಗೆ ಆರೋಗ್ಯದ, ಮನಃಶಾಸ್ತ್ರದ, ಜೀವವಿಜ್ಞಾನದ ವಿದ್ಯಾರ್ಥಿಗಳು ಸಂಶೋಧನೆಗೆ ಬರುವುದು ಹಬ್ಬ ಬಂದಂತೆ. ಬಿಳಿ ಕೋಟು ಮಡಚಿ ತೋಳಿನ ಮೇಲೆ ಹಾಕಿಕೊಂಡು ಬಸ್ಸಿನಿಂದ ಇಳಿಯುತ್ತಾರೆ. ಮೊದಲು ಕದಂಬೇಶ್ವರ ಗುಡಿಯ ಮುಂದೆ ನಿಂತು ಒಂದು ಗುಂಪು ಫೋಟೊ, ಆಮೇಲೆ ವಿಜ್ಞಾನ. ಇಷ್ಟೆಲ್ಲ ಊರು ಬಿಟ್ಟು ರಟ್ಟೀಹಳ್ಳಿಯನ್ನೇ ಯಾಕೆ ಆಯ್ದಿರಿ ಎಂದು ಒಮ್ಮೆ ಕೇಳಿದ್ದೆ. ಗುಂಪಿನಲ್ಲಿ ಒಬ್ಬಳ ಸೋದರತ್ತೆಯ ಮನೆ ಇಲ್ಲಿತ್ತು. ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ ಖಾತ್ರಿ. ಇದಕ್ಕೆ ಶಾಸ್ತ್ರದಲ್ಲಿ 'ಅನುಕೂಲ ಮಾದರಿ' ಎಂಬ ಹೆಸರೇ ಇದೆಯಂತೆ. ಯಾರ ಅನುಕೂಲ ಎಂಬುದನ್ನು ಶಾಸ್ತ್ರ ಬಿಡಿಸಿ ಹೇಳುವುದಿಲ್ಲ. ಒಳ್ಳೆಯ ಶಾಸ್ತ್ರ ಎಲ್ಲವನ್ನೂ ಬಿಡಿಸಿ ಹೇಳಬಾರದು.

2018ರಲ್ಲಿ ನಾವು ಹಿರೇಕೆರೂರಿನಿಂದ ಬೇರೆಯಾಗಿ ನಮ್ಮದೇ ತಾಲ್ಲೂಕಾದೆವು. ತಹಶೀಲ್ದಾರರು ಬಂದರು, ಬೋರ್ಡುಗಳು ಬಂದವು. ಜನ ಇನ್ನೂ ಏನೇನೋ ಬರಲಿಲ್ಲ ಎಂದು ಗೊಣಗುತ್ತಾರೆ. ಅವರಿಗೆ ದೊಡ್ಡ ಲಾಭ ಕಂಡೇ ಇಲ್ಲ: ಪ್ರಬಂಧಗಳ ಶೀರ್ಷಿಕೆಯಲ್ಲಿ ಅಲ್ಲಿಯವರೆಗೆ ನಾವು ಬರೀ 'ಆಯ್ದ ಗ್ರಾಮ', ಈಗ 'ಆಯ್ದ ತಾಲ್ಲೂಕು'.

ಶೀರ್ಷಿಕೆಯ ಮಾತು ಬಂತಲ್ಲ, ಅದರ ಮುಂದೆ ನಾನು ಕೈ ಮುಗಿಯುತ್ತೇನೆ. 'ಆಯ್ದ ಗ್ರಾಮೀಣ ಪ್ರದೇಶದ ತಾಯಂದಿರಲ್ಲಿ ಇಂಥದ್ದರ ಕುರಿತ ಅರಿವಿನ ಮೇಲೆ ರಚನಾತ್ಮಕ ಬೋಧನಾ ಕಾರ್ಯಕ್ರಮದ ಪರಿಣಾಮಕಾರಿತ್ವವನ್ನು ನಿರ್ಧರಿಸುವ ಒಂದು ಅಧ್ಯಯನ.' ಈ 'ಇಂಥದ್ದರ' ಎಂಬ ಜಾಗ ಖಾಲಿ ಬಿಟ್ಟಿರುತ್ತಾರೆ. ಒಂದು ವರ್ಷ ಅಲ್ಲಿ ಎದೆಹಾಲು, ಮರುವರ್ಷ ಡೆಂಗಿ, ಅದರ ಮರುವರ್ಷ ಸಕ್ಕರೆ ಕಾಯಿಲೆ. ಅಣಬೆ ಎದ್ದಂತೆ ನರ್ಸಿಂಗ್ ಕಾಲೇಜುಗಳು ಎದ್ದ ನಾಡಿನಲ್ಲಿ ಸ್ನಾತಕೋತ್ತರ ಪದವಿಗೆ ಪ್ರಬಂಧ ಕಡ್ಡಾಯ. ಅಷ್ಟು ಜನಕ್ಕೆ ಅಷ್ಟು ಹೊಸ ಪ್ರಶ್ನೆಗಳನ್ನು ಎಲ್ಲಿಂದ ತರುವುದು? ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರು ಮಾತ್ರ ಬದಲಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಅದರಿಂದ ಯಾವ ಸಂಸಾರವೂ ಕೆಟ್ಟಿಲ್ಲ.

ವಿಧಾನವೂ ಅಷ್ಟೇ ಸರಳ. ಬೆಳಿಗ್ಗೆ ಹತ್ತಕ್ಕೆ 60 ಹೆಂಗಸರನ್ನು ಅಂಗನವಾಡಿಯಲ್ಲಿ ಕೂರಿಸುತ್ತಾರೆ. ಮನೆಮನೆಗೆ ಹೋಗಿ ಕರೆತಂದು ಕೂರಿಸುವವಳು ಆಶಾ ಕಾರ್ಯಕರ್ತೆ. ಅವಳ ಹೆಸರು ಕೃತಜ್ಞತೆಯ ಪುಟದಲ್ಲಿ ಬರುವುದಿಲ್ಲ. ಸಂಸ್ಥೆಯ ಅಧ್ಯಕ್ಷರು, ಪ್ರಾಂಶುಪಾಲರು, ಗೈಡು, ಲೆಕ್ಕ ಹಾಕಿಕೊಟ್ಟವರು, ತಂದೆತಾಯಿ, ಸರ್ವಶಕ್ತನಾದ ದೇವರು, ಇಷ್ಟರಲ್ಲೇ ಪುಟ ತುಂಬಿರುತ್ತದೆ. ಮೊದಲು ಪ್ರೀ-ಟೆಸ್ಟು. 'ಡೆಂಗಿ ಹರಡುವ ಸೊಳ್ಳೆ ಯಾವುದು? ಅ, ಆ, ಇ, ಈ.' ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಚಿತ್ರಪಟ ತೂಗುಹಾಕಿ ಅರ್ಧ ಗಂಟೆ ಪಾಠ. ಏಳು ದಿನ ಬಿಟ್ಟು ಪೋಸ್ಟ್-ಟೆಸ್ಟು. ಅವಸರವಿದ್ದರೆ ಅದೇ ದಿನ, ಚಹಾ ಕುಡಿದ ಮೇಲೆ. ಅದೇ ಪ್ರಶ್ನೆ, ಅದೇ ಅ, ಆ, ಇ, ಈ. ಅರಿವು ಗಣನೀಯವಾಗಿ ಹೆಚ್ಚಿರುತ್ತದೆ. ಪಾಠ ಹೇಳಿದ ಮೇಲೆ ಪಾಠ ಬರುತ್ತದೆ ಎಂಬ ಸತ್ಯ ಹೀಗೆ ಪ್ರತಿ ವರ್ಷ ನಮ್ಮೂರಿನಲ್ಲಿ ಹೊಸದಾಗಿ ಸಾಬೀತಾಗುತ್ತದೆ.

ಪಾಠ ಹೇಳದೆ ಬಿಟ್ಟ ಗುಂಪೊಂದು ಬೇಕು ಎಂದು ಒಂದು ವರ್ಷ ಮಾಸೂರಿನಲ್ಲಿ ನಮ್ಮ ಬೀಗರ ಓಣಿಯನ್ನು ಆರಿಸಿದ್ದರು. ಅದಕ್ಕೆ ಕಂಟ್ರೋಲ್ ಗುಂಪು ಎನ್ನುತ್ತಾರೆ. ನಮ್ಮ ಬೀಗಿತ್ತಿ ವಿಜ್ಞಾನಕ್ಕಾಗಿ ಅಜ್ಞಾನದಲ್ಲಿ ಉಳಿದಳು. ಈಗಲೂ ಮದುವೆ ಮುಂಜಿಯಲ್ಲಿ ಸಿಕ್ಕರೆ ಆ ತ್ಯಾಗವನ್ನು ನೆನೆಯುತ್ತಾಳೆ.

ಅರಿವಿನ ಈ ಹೆಚ್ಚಳವನ್ನು ಅಳೆಯುವ ಲೆಕ್ಕದ ಹೆಸರು 'ಸ್ಟೂಡೆಂಟ್ಸ್ ಟಿ ಟೆಸ್ಟ್'. ವಿದ್ಯಾರ್ಥಿಗಳು ಮಾಡುವುದರಿಂದ ಆ ಹೆಸರು ಎಂದುಕೊಂಡಿದ್ದೆ. ಚಹಾದ ಸಂಬಂಧವೂ ಇರಬಹುದು ಎಂಬ ಗುಮಾನಿ ಇತ್ತು. ನಿಜವಾಗಿ ಅದನ್ನು ಕಂಡುಹಿಡಿದವರು ವಿಲಿಯಂ ಗಾಸೆಟ್, ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ. 1908ರಲ್ಲಿ ಅದನ್ನು ಪ್ರಕಟಿಸುವಾಗ ತಮ್ಮ ಹೆಸರು ಹಾಕದೆ 'ಸ್ಟೂಡೆಂಟ್' ಎಂದು ಸಹಿ ಮಾಡಿದರು. ಕುಡಿತದ ದುಷ್ಪರಿಣಾಮದ ಬಗ್ಗೆ ನಮ್ಮೂರ ಗಂಡಸರ ಅರಿವು ಎಷ್ಟು ಹೆಚ್ಚಿತು ಎಂದು ಅಳೆಯುವುದೂ ಆ ಬಿಯರ್ ಕಾರ್ಖಾನೆಯ ಲೆಕ್ಕದಿಂದಲೇ. ಗಂಡಸರು ಇದನ್ನು ಕೇಳಿ ಬಹಳ ಸಂತೋಷಪಟ್ಟರು.

ಇನ್ನು ಆ ಲೆಕ್ಕದ ಫಲ ಗಣ್ಯವೋ ಅಲ್ಲವೋ ಎಂದು ತೀರ್ಮಾನಿಸುವ 0.05 ಎಂಬ ಮಂತ್ರಸಂಖ್ಯೆ. ರೊನಾಲ್ಡ್ ಫಿಶರ್ 1925ರ ತಮ್ಮ ಪುಸ್ತಕದಲ್ಲಿ, 20ಕ್ಕೆ ಒಂದರಷ್ಟು ಅಪರೂಪವಾದರೆ ಫಲಿತಾಂಶವನ್ನು ಗಣ್ಯವೆಂದು ತಿಳಿಯುವುದು ಅನುಕೂಲ ಎಂಬರ್ಥದಲ್ಲಿ ಬರೆದರು. ಅಂದರೆ ಏನೂ ಪರಿಣಾಮವಿಲ್ಲದ 20 ಪ್ರಯೋಗ ಮಾಡಿದರೂ ಸರಾಸರಿ ಒಂದು ಸುಮ್ಮಸುಮ್ಮನೆ ಗೆಲ್ಲುತ್ತದೆ. ನಮ್ಮೂರಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಗೆದ್ದಿವೆ. ಮಳೆ ಕೈಕೊಟ್ಟಿದೆ, ಬೋರ್‌ವೆಲ್ ಕೈಕೊಟ್ಟಿದೆ, ಹತ್ತಿ ಬೀಜ ಕೈಕೊಟ್ಟಿದೆ. ವಿದ್ಯಾರ್ಥಿಯ ಪ್ರಬಂಧ ಕೈಕೊಟ್ಟ ಉದಾಹರಣೆ ಈ ನೆಲದಲ್ಲಿಲ್ಲ.

ಅನುಮಾನದ ಜನ ಎಲ್ಲ ಕಡೆ ಇರುತ್ತಾರೆ. ನಮ್ಮ ಹೈಸ್ಕೂಲಿನ ನಿವೃತ್ತ ಮೇಷ್ಟ್ರೊಬ್ಬರು ಪೇಪರಿನ ಕತ್ತರಿಕೆ ಹಿಡಿದು ಬಂದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಕರ್ನಾಟಕದ ಹೆಂಗಸರಲ್ಲಿ 2015-16ರಲ್ಲಿ ಶೇ. 44.8ರಷ್ಟು ಮಂದಿಗೆ ರಕ್ತಹೀನತೆ ಇತ್ತು; 2019-21ರ ಹೊತ್ತಿಗೆ ಅದು ಶೇ. 47.8ಕ್ಕೆ ಏರಿತ್ತು. "ರಕ್ತಹೀನತೆ ಮ್ಯಾಲೆ ನಮ್ಮೂರಾಗ ಎಷ್ಟ್ ಸಲ ಪಾಠ ಆತು? ಎಲ್ಲಾರೂ ಪಾಸ್ ಆದ್ರಲ್ಲ, ರಕ್ತ ಯಾಕ ಫೇಲ್ ಆತು?" ಎಂದು ಕೇಳಿದರು. ಮೇಷ್ಟ್ರಿಗೆ ಸಂಶೋಧನೆಯ ಶಿಸ್ತು ಗೊತ್ತಿಲ್ಲ. ಶೀರ್ಷಿಕೆಯಲ್ಲಿ ಇರುವುದು 'ಅರಿವು'. ರಕ್ತದ ಮಾತು ಅಲ್ಲಿಲ್ಲ. ಸೊಪ್ಪು, ಬೆಲ್ಲ, ಶೇಂಗಾ ತಿನ್ನಬೇಕು ಎಂಬುದು ಹೆಂಗಸರಿಗೆ ಈಗ ಗೊತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಉಂಡಾಗ ಸೊಪ್ಪು ಪಾತ್ರೆಯಲ್ಲಿ ಉಳಿದಿರುತ್ತದೆಯೇ ಎಂಬುದು ಬೇರೆ ವಿಷಯ, ಅದಕ್ಕೆ ಬೇರೆ ಸಿನಾಪ್ಸಿಸ್ ಬೇಕಾಗುತ್ತದೆ.

ಪ್ರಶ್ನೆಪತ್ರಿಕೆಯ ಕನ್ನಡಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ಹುಟ್ಟಿ, ಮೊಬೈಲಿನಲ್ಲಿ ಕನ್ನಡವಾಗಿ, ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ಅಳಿಸಿ ನಮ್ಮ ಕೈಗೆ ಬರುವ ಆ ಭಾಷೆಯಲ್ಲಿ ಒಂದು ಗಾಂಭೀರ್ಯವಿದೆ. 'ಕಳೆದ ಎರಡು ವಾರಗಳಲ್ಲಿ ನಿಮಗೆ ಎಷ್ಟು ಬಾರಿ ನೀಲಿ ಅನಿಸಿದೆ?' ಪಕ್ಕದ ಮನೆಯ ಗೌರಕ್ಕ ಬಹಳ ಹೊತ್ತು ಯೋಚಿಸಿ, "ದೀಪಾವಳಿಗೆ ಸುಣ್ಣಕ್ಕ ಹಾಕ್ತೇವಿ, ಮತ್ತ ನೀಲಿ ಮುಟ್ಟೂದಿಲ್ಲ" ಎಂದಳು. ವಿದ್ಯಾರ್ಥಿನಿ 'ಎಂದಿಗೂ ಇಲ್ಲ' ಎಂಬಲ್ಲಿ ಗುರುತು ಹಾಕಿದಳು. ಗೌರಕ್ಕನ ಮಗ ಅದರ ಹಿಂದಿನ ತಿಂಗಳು ಸಾಲಕ್ಕೆ ಹೆದರಿ ಊರು ಬಿಟ್ಟಿದ್ದ. ರಾತ್ರಿ ಅವಳ ಮನೆಯಲ್ಲಿ ದೀಪ ಆರುತ್ತಿರಲಿಲ್ಲ. ಆ ಅಳತೆಪಟ್ಟಿಯ ಪ್ರಕಾರ ಗೌರಕ್ಕ ನಮ್ಮ ಓಣಿಯ ಅತಿ ಸುಖಿ ಹೆಂಗಸು.

ಐದು ಮನೆಯ ಉತ್ತರವೂ ಇರುತ್ತದೆ: ಸಂಪೂರ್ಣ ಒಪ್ಪುತ್ತೇನೆಯಿಂದ ಸಂಪೂರ್ಣ ಒಪ್ಪುವುದಿಲ್ಲದವರೆಗೆ. 1932ರಲ್ಲಿ ಅಮೆರಿಕದ ರೆನ್ಸಿಸ್ ಲಿಕರ್ಟ್ ಮಾಡಿಟ್ಟ ಏಣಿ ಅದು. ನಡುವಿನ ಮೆಟ್ಟಿಲು 'ತಟಸ್ಥ'. ಪಂಚಾಯ್ತಿ ಚುನಾವಣೆಯಲ್ಲಿ ಎರಡೂ ಪಾರ್ಟಿಗೆ ಕೈ ಮುಗಿದು ಬದುಕಿದ ನಮ್ಮ ಜನಕ್ಕೆ ಆ ಮೆಟ್ಟಿಲು ನೋಡಿ ಹೋದ ಜೀವ ಬಂದಂತಾಯಿತು. ಮೂವತ್ತು ಪ್ರಶ್ನೆಗೂ ತಟಸ್ಥರಾದರು. ಸಂಶೋಧನೆಯಲ್ಲಿ ರಟ್ಟೀಹಳ್ಳಿ 'ಸಮತೋಲನದ ಮನೋಭಾವವುಳ್ಳ ಸಮುದಾಯ' ಎಂದು ದಾಖಲಾಯಿತು. ಅದೇ ಸಮುದಾಯ ಹೋರಿ ಹಬ್ಬದ ದಿನ ಕೊಬ್ಬರಿ ಕಟ್ಟಿದ ಹೋರಿಯ ಹಿಂದೆ ಅಂಗಿ ಹರಿದುಕೊಂಡು ಓಡುವುದನ್ನು ನೋಡಲು ಆ ಸಂಶೋಧಕರು ಉಳಿಯಲಿಲ್ಲ. ಉಳಿದಿದ್ದ ಒಬ್ಬ ಮನಃಶಾಸ್ತ್ರದ ಹುಡುಗ ಅಖಾಡದ ಅಂಚಿನಲ್ಲಿ ನಿಂತು, "ಈ ಕ್ಷಣ ನಿಮ್ಮ ಆತಂಕ ಒಂದರಿಂದ ಹತ್ತರಲ್ಲಿ ಎಷ್ಟು?" ಎಂದು ಕೇಳಿದ್ದ. "ಅದನ್ನ ಹೋರಿಗಿ ಕೇಳ್ರಿ" ಎಂದು ಉತ್ತರ ಬಂತು. ಪ್ರತಿಕ್ರಿಯೆ ಅಪೂರ್ಣ ಎಂದು ಬರೆದುಕೊಂಡ.

ಜೀವವಿಜ್ಞಾನಿಗಳನ್ನು ಮರೆಯಬಾರದು. ನಾನು ಪಿಯುಸಿ ಓದುವಾಗ ಕುಮುದ್ವತಿಯ ದಂಡೆಯ ಕಪ್ಪೆಗಳಿಗೆ ಕಾಲೇಜು ಎಂದರೆ ಯಮಲೋಕ. ಕ್ಲೋರೋಫಾರಂ ಹತ್ತಿಯಲ್ಲಿ ಮೂಗು ಒತ್ತಿ, ಮೇಣದ ತಟ್ಟೆಯಲ್ಲಿ ಕೈಕಾಲಿಗೆ ಪಿನ್ನು ಹೊಡೆದು ಮಲಗಿಸುತ್ತಿದ್ದೆವು. ಪ್ರಾಣಿಗಳನ್ನು ಕೊಯ್ಯುವುದನ್ನು ಕಡಿಮೆ ಮಾಡಿ ಎಂದು ಯುಜಿಸಿ 2011ರಲ್ಲಿ ಹೇಳಿತು, 2014ರಲ್ಲಿ ನಿಲ್ಲಿಸಿಯೇ ಬಿಡಿ ಎಂದಿತು. ಕಪ್ಪೆಗಳ ಪಾಳಿ ಮುಗಿಯಿತು. ನಮ್ಮ ಪಾಳಿ ಮೊದಲಿಗಿಂತ ಚುರುಕಾಯಿತು. ನಮ್ಮನ್ನು ಹಿಡಿಯಲು ರಾತ್ರಿ ಬ್ಯಾಟರಿ ಹಿಡಿದು ಹೊಂಡಕ್ಕೆ ಇಳಿಯಬೇಕಿಲ್ಲ. ಕರೆದರೆ ಬರುತ್ತೇವೆ. ಸಮ್ಮತಿ ಪತ್ರಕ್ಕೆ ಸಹಿಯನ್ನೂ ಹಾಕುತ್ತೇವೆ, ಇದು ಕಪ್ಪೆಗೆ ಸಾಧ್ಯವಿರಲಿಲ್ಲ. 'ಯಾವುದೇ ಹಂತದಲ್ಲಿ ಹಿಂದೆ ಸರಿಯುವ ಸ್ವಾತಂತ್ರ್ಯ ನನಗಿದೆ' ಎಂಬ ಸಾಲಿನ ಕೆಳಗೆ ನನ್ನ ಸಹಿ ಇದೆ. ಹಿಂದೆ ಸರಿಯಲು ನೋಡಿದ್ದೆ. ಬಾಗಿಲಲ್ಲಿ ಆಶಾ ಕಾರ್ಯಕರ್ತೆ ಕೂತಿದ್ದಳು.

ಮೇಲಾಗಿ ನನ್ನನ್ನು ದತ್ತು ತೆಗೆದುಕೊಂಡಿದ್ದಾರೆ. ತಮಾಷೆಯಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಕುಟುಂಬ ದತ್ತು ಕಾರ್ಯಕ್ರಮ ತಂದಿತು. ಎಂಬಿಬಿಎಸ್ ಓದುವ ಪ್ರತಿಯೊಬ್ಬರೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಓದು ಮುಗಿಯುವವರೆಗೆ ಆರೋಗ್ಯ ವಿಚಾರಿಸಬೇಕು. ಹೀಗೆ 19 ವರ್ಷದ ಒಬ್ಬ ಹುಡುಗಿಗೆ 62 ವರ್ಷದ ನಾನು ಮಗನಾದೆ. ದತ್ತಕ ಶಾಸ್ತ್ರಕ್ಕೆ ಊರ ಹಿರಿಯರಾರೂ ಬರಲಿಲ್ಲ. ಮೊದಲ ಭೇಟಿಯಲ್ಲಿ ತಾಯಿ ನನ್ನ ಎತ್ತರ, ತೂಕ ಬರೆದುಕೊಂಡಳು. ಎರಡನೆಯ ಭೇಟಿಯಲ್ಲಿ ಅದನ್ನೇ ಮತ್ತೆ ಬರೆದುಕೊಂಡಳು. ಮೂರನೆಯ ಸಲ ಫೋನಿನಲ್ಲೇ, "ಅಜ್ಜಾ, ತೂಕ ಅಷ್ಟೇ ಐತಲ್ಲ?" ಎಂದು ವಿಚಾರಿಸಿದಳು. ಪರೀಕ್ಷೆ ಹತ್ತಿರವಿತ್ತು, ಪಾಪ. ಹೆತ್ತ ಮಕ್ಕಳು ಬೆಂಗಳೂರಿನಿಂದ ಇಷ್ಟೂ ಕೇಳುವುದಿಲ್ಲ.

ವಿದ್ಯಾರ್ಥಿಗಳು ತಮಗೆ ಬೇಕಾದ ಉತ್ತರವನ್ನೇ ಕಾಣುತ್ತಾರೆ ಎಂಬ ಅಪವಾದವೂ ಇದೆ. ಅದು ನಮ್ಮ ಹುಡುಗರ ಮೇಲೆ ಮಾತ್ರ ಹೊರಿಸುವ ಮಾತಲ್ಲ. ಅಮೆರಿಕದಲ್ಲಿ ರಾಬರ್ಟ್ ರೊಸೆಂತಾಲ್ ಮತ್ತು ಕರ್ಮಿಟ್ ಫೋಡ್ ಎಂಬವರು 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಇಲಿಗಳನ್ನು ಕೊಟ್ಟರು. ಕೆಲವರಿಗೆ ಇವು ಜಾಣ ಇಲಿಗಳೆಂದೂ ಕೆಲವರಿಗೆ ದಡ್ಡ ಇಲಿಗಳೆಂದೂ ಹೇಳಿದರು. ಎಲ್ಲವೂ ಒಂದೇ ಜಾತಿಯ ಸಾಧಾರಣ ಇಲಿಗಳು. ಆದರೂ ಜಾಣ ಎಂಬ ಚೀಟಿ ಹೊತ್ತ ಇಲಿಗಳು ದಾರಿ ಬೇಗ ಕಲಿತವು ಎಂದು ವಿದ್ಯಾರ್ಥಿಗಳ ಲೆಕ್ಕ ತೋರಿಸಿತು. ನಮ್ಮ ಹೆಂಗಸರು ಆ ಇಲಿಗಳಿಗಿಂತ ಮುಂದೆ ಹೋಗಿದ್ದಾರೆ. ಹೋದ ವರ್ಷ ಅಂಗನವಾಡಿಯಲ್ಲಿ ಕೂತ ಮೇಲೆ ಒಬ್ಬಾಕೆ ನೇರವಾಗಿ ಕೇಳಿದಳು: "ಯವ್ವಾ, ಮೊದ್ಲ ಹೇಳಿಬಿಡು. ತಪ್ಪು ಬರಿಯೂದು ಇವತ್ತೋ, ಬರೂ ವಾರವೋ?" ಇಂಥ ಸಹಕಾರ ಯಾವ ಇಲಿ ಕೊಟ್ಟೀತು?

ಸಂಶೋಧನೆಯಿಂದ ಊರಿಗೆ ಏನು ಸಿಗುತ್ತದೆ ಎಂದು ಕೇಳುವವರಿಗೆ ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯನ್ನು ತೋರಿಸುತ್ತೇನೆ. ಹೆಸರು ಸಿಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನ ಸತ್ತು, ಕಾಯಿಲೆಗೆ ಕ್ಯಾಸನೂರಿನ ಹೆಸರು ಬಂತು; ಜಗತ್ತಿನ ವೈರಾಣು ಶಾಸ್ತ್ರದ ಪುಸ್ತಕಗಳಲ್ಲೆಲ್ಲ ಅದಿದೆ. 1975ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನ ದಲಿತರ ಕೇರಿಯಲ್ಲಿ ಜನರ ಸೊಂಟ, ಮಂಡಿ ಹಿಡಿದು ನಡೆಯಲಾಗದಂತಾದಾಗ ಅದು ಹಂದಿಗೋಡು ಕಾಯಿಲೆಯಾಯಿತು. ರಕ್ತ ತೆಗೆದರು, ಎಕ್ಸ್-ರೇ ತೆಗೆದರು, ವಂಶವೃಕ್ಷ ಬರೆದುಕೊಂಡರು, ವಂಶವಾಹಿಯಿಂದ ಬರುತ್ತದೆ ಎಂದರು. ಕಾಯಿಲೆ ಅಲ್ಲೇ ಇದೆ, ಹೆಸರೂ ಅಲ್ಲೇ ಇದೆ. ಸ್ಯಾಂಪಲ್ಲುಗಳಲ್ಲಿ ಹಂದಿಗೋಡಿನವರು ನಮಗೆಲ್ಲ ಹಿರಿಯರು. ಅವರ ಮುಂದೆ ನಾನು ಈ ವಿಷಯದಲ್ಲಿ ಹೆಚ್ಚು ಮಾತಾಡುವುದಿಲ್ಲ.

ಹಿಂದಿನ ಸಂಶೋಧಕರಿಗೆ ಬರೀ ಪಡೆದು ಸುಮ್ಮನಿರುವ ಈ ಸಂಯಮ ಇರಲಿಲ್ಲ. ಧಾರವಾಡದ ಬಿ.ಎಚ್. ಕಟರಕಿ ಎಂಬ ವಿಜ್ಞಾನಿ 1972ರಲ್ಲಿ ವರಲಕ್ಷ್ಮಿ ಎಂಬ ಹತ್ತಿಯ ಹೈಬ್ರಿಡ್ ಮಾಡಿ, ಅದನ್ನು ರಟ್ಟು ಕಟ್ಟಿಸಿ ಕಪಾಟಿನಲ್ಲಿ ಇಡುವುದು ಬಿಟ್ಟು ರೈತರ ಹೊಲಕ್ಕೇ ತಂದುಬಿಟ್ಟರು. ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರಂತೂ ಜನರ ಮನಸ್ಸನ್ನು ಅಳೆದು ಸುಮ್ಮನಿರದೆ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ಶುರುಮಾಡಿ ಜನರಿಗೆ ಮಾತು, ಸಂಗೀತ ಕೇಳಿಸಿದರು. ಕೊಡುವ ಚಟ ಒಮ್ಮೆ ಹತ್ತಿದರೆ ಹೀಗೇ.

ಈಗಿನ ಶಿಸ್ತು ಬೇರೆ. ಬರವಣಿಗೆ ಮುಗಿದ ಮೇಲೆ ಕೃತಿಚೌರ್ಯ ತಪಾಸಣೆ. ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗೆ ಹೋಲಿಕೆ ಇದ್ದರೆ ದಂಡವಿಲ್ಲ. ನಮ್ಮಲ್ಲಿ ಹಾಲಿಗೆ ಬೆರೆಸುವ ನೀರಿಗೂ ಇಷ್ಟು ಸ್ಪಷ್ಟ ನಿಯಮವಿಲ್ಲ. ಹೋಲಿಕೆ ಹೆಚ್ಚಾದರೆ ಪದ ಬದಲಿಸುತ್ತಾರೆ. ಜಗತ್ತಿನ ದೊಡ್ಡ ದೊಡ್ಡ ಜರ್ನಲ್ಲುಗಳಲ್ಲೇ ಹೀಗೆ ಪದ ತಿರುಚಿದ ಲೇಖನಗಳನ್ನು 2021ರಲ್ಲಿ ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಅವರ ಸಂಗಡಿಗರು ಪತ್ತೆ ಮಾಡಿದರು. ಅಲ್ಲಿ ಸ್ತನ ಕ್ಯಾನ್ಸರ್ 'ಎದೆಯ ಗಂಡಾಂತರ' ಎಂಬರ್ಥದ ಇಂಗ್ಲಿಷ್ ಆಗಿತ್ತು. ನಮ್ಮ ಹುಡುಗರ ಕೈಯಲ್ಲಿ 'ರಕ್ತಹೀನತೆ' ಒಂದು ಪ್ರಬಂಧದಲ್ಲಿ 'ರಕ್ತದ ಬಡತನ' ಆಗಿದ್ದು ನೋಡಿ, ಮೊದಲ ಸಲ ಒಂದು ಪದ ಸರಿಯಾಗಿ ಬಿದ್ದಿದೆ ಅನ್ನಿಸಿತು.

ಕಡೆಗೆ ರಟ್ಟು. ಕರಿ ರಟ್ಟು, ಮೇಲೆ ಬಂಗಾರದ ಅಕ್ಷರ. ನಮ್ಮೂರಿನ ಹೆಸರಿಗೆ ಇತಿಹಾಸದವರು ಏನಾದರೂ ಅರ್ಥ ಹೇಳಲಿ, ನನ್ನ ಮಟ್ಟಿಗೆ ಇದು ರಟ್ಟಿನ ಹಳ್ಳಿ. ನಮ್ಮ ರಟ್ಟೆಗೆ ಪಟ್ಟಿ ಸುತ್ತಿ ಅಳೆದದ್ದೆಲ್ಲ ರಟ್ಟಿನೊಳಗೆ ಸೇರುತ್ತದೆ, ಅಲ್ಲಿಂದ ಯಾವ ಗುಟ್ಟೂ ರಟ್ಟಾಗುವುದಿಲ್ಲ. ನನ್ನ ಬಿಪಿ, ನನ್ನ ಮಲಬದ್ಧತೆ, ಹೆಂಡತಿಯೊಡನೆ ನನ್ನ ಜಗಳದ ಸರಾಸರಿ, ಎಲ್ಲವೂ ಯಾವುದೋ ಊರಿನ ಯಾವುದೋ ಕಪಾಟಿನಲ್ಲಿ ಬೀಗದೊಳಗೆ ಭದ್ರ. ಒಂದು ಪ್ರತಿ ನಮ್ಮ ಗ್ರಂಥಾಲಯಕ್ಕೆ ಕೊಡಿ ಎಂದು ನಾವು ಯಾರೂ ಕೇಳಿಲ್ಲ. ಸ್ಯಾಂಪಲ್ಲು ಕೇಳಬಾರದು.

ಇಷ್ಟು ಹೊಗಳಿದ ಮೇಲೆ ಶಿಸ್ತು ತಪ್ಪಿದ ಒಬ್ಬಳ ವಿಷಯವನ್ನೂ ಹೇಳಿಬಿಡಬೇಕು. ಎರಡು ವರ್ಷದ ಹಿಂದೆ ನರ್ಸಿಂಗ್ ಓದುವ ಹುಡುಗಿ ಬಂದಿದ್ದಳು. ಕಾಲೇಜಿನ ಹೆಸರು ಬೇಡ. ವಿಷಯ 'ಅಧಿಕ ರಕ್ತದೊತ್ತಡದ ಕುರಿತ ಅರಿವು'. 60 ಹೆಂಗಸರು ಕೂತಿದ್ದರು. ನಿಯಮದಂತೆ ಮೊದಲು ಪ್ರಶ್ನೆಪತ್ರಿಕೆ, ಆಮೇಲೆ ಪಾಠ. ಈ ಹುಡುಗಿ ಹಾಳೆ ಹಂಚುವ ಮೊದಲು ಸುಮ್ಮನೆ ಒಬ್ಬೊಬ್ಬರ ರಟ್ಟೆಗೆ ಪಟ್ಟಿ ಸುತ್ತತೊಡಗಿದಳು. ನನ್ನ ಹೆಂಡತಿಯ ಹತ್ತಿರ ಬಂದಾಗ ಮುಳ್ಳು 210ರ ಮೇಲಿತ್ತು. ಎರಡನೆಯ ಸಲ ನೋಡಿದಳು, ಮೂರನೆಯ ಸಲ ನೋಡಿದಳು. ಹಾಳೆಗಳನ್ನು ನೆಲದ ಮೇಲೆ ಬಿಟ್ಟು, ಆಟೊ ಕರೆಸಿ, ಅವಳನ್ನು ಸರ್ಕಾರಿ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋದಳು. ಡಾಕ್ಟರು ಬರುವವರೆಗೆ ಕೈ ಹಿಡಿದು ಕೂತಿದ್ದಳು. ಅರಿವನ್ನು ಅಳೆಯಲೇ ಇಲ್ಲ. ಕಾದು ಬೇಸತ್ತ ಹೆಂಗಸರಲ್ಲಿ ಕೆಲವರು ಕಳೆ ತೆಗೆಯಲು ಹೊಲಕ್ಕೆ ಹೋದರು. ಮರುವಾರ ಅವರನ್ನೆಲ್ಲ ಹುಡುಕಿ ಮೊದಲಿನಿಂದ ಶುರುಮಾಡಬೇಕಾಯಿತು. ಅವಳ ಗೈಡು ಫೋನಿನಲ್ಲಿ ಬೈದದ್ದು ಅಂಗನವಾಡಿಯ ಹೊರಗೆ ನಿಂತ ನನಗೂ ಕೇಳಿಸಿತು. ಚಿಕಿತ್ಸೆ ಪಡೆದ ಸ್ಯಾಂಪಲ್ಲು ಕೆಟ್ಟ ಸ್ಯಾಂಪಲ್ಲು, ಅದನ್ನು ಲೆಕ್ಕದಿಂದ ತೆಗೆಯಬೇಕು ಎಂಬುದು ಅವರ ಮಾತಿನ ಸಾರಾಂಶ. ಹುಡುಗಿ "ಹೂಂ ಮೇಡಂ, ಹೂಂ ಮೇಡಂ" ಎನ್ನುತ್ತಿದ್ದಳು.

ಅವಳ ಪ್ರಬಂಧದಲ್ಲಿ ಇರುವುದು 59 ಮಂದಿ. ಅರವತ್ತನೆಯವಳು ಮಾತ್ರೆ ನುಂಗಿ, ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ.